ಅಜ್ಜಿಯ ಸಹಿ

(ದಶಲಕ್ಷಣ ಪರ್ವದ ಉತ್ತಮ ತ್ಯಾಗ ದಿನದಂದು ಮುಂಬಯಿ ಪರಿಸರದ ಕನ್ನಡ ಜೈನ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಇಂದು ಉತ್ತಮ ತ್ಯಾಗದ ದಿನ. ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ನಾಲ್ಕು ದಾನಗಳ ವಿವರಣೆಯನ್ನು ಬೆಳಗಿನ ಪ್ರವಚನದಲ್ಲಿ ಪಂಡಿತರಿಂದ ಕೇಳಿದ್ದೀರಿ. ಅದರ ಮೇಲೆ ಮಾತನಾಡುವ ಅಧಿಕಾರ ನನಗಿಲ್ಲ. ಮೂವತ್ತನಾಲ್ಕು ವರ್ಷ ಬ್ಯಾಂಕಿನ ಕೌಂಟರಿನ ಒಳಗೆ ಕುಳಿತಿದ್ದವನು ನಾನು; ನನಗೆ ತಿಳಿದಿರುವುದು ಅರ್ಜಿ, ಸಹಿ, ಮೊಹರುಗಳ ವಿಚಾರ. ಅದನ್ನೇ ಮಾತನಾಡುತ್ತೇನೆ. ಮಗನನ್ನೋ ಮಗಳನ್ನೋ ಕಳೆದುಕೊಂಡು, ಎಪ್ಪತ್ತರ ಆಸುಪಾಸಿನಲ್ಲಿ ಮೊಮ್ಮಕ್ಕಳನ್ನು ಸಾಕುತ್ತಿರುವ ಅಜ್ಜ-ಅಜ್ಜಿಯರು ನಮ್ಮ ನಡುವೆ ಇದ್ದಾರೆ. ಅವರಿಗೆ ಹಣ ಎಲ್ಲಿಂದ ಬರಬಹುದು, ಬರಬೇಕಾದದ್ದು ಏಕೆ ಬರುತ್ತಿಲ್ಲ ಎಂಬುದಷ್ಟೇ ನನ್ನ ವಿಷಯ.

"ನಮ್ಮಲ್ಲಿ ಅಂಥವರು ಯಾರಿದ್ದಾರೆ?" ಎಂದು ಸಮಿತಿಯ ಸಭೆಯಲ್ಲಿ ಹಿರಿಯರೊಬ್ಬರು ಕೇಳಿದ್ದರು. ಪ್ರಾಮಾಣಿಕವಾದ ಪ್ರಶ್ನೆ. ಅವರಿಗೆ ನಿಜವಾಗಿಯೂ ತಿಳಿದಿರಲಿಲ್ಲ. ಬಸದಿಗೆ ಬರುವಾಗ ಎಲ್ಲರೂ ಶುಭ್ರವಾದ ಬಟ್ಟೆ ಉಟ್ಟೇ ಬರುತ್ತಾರೆ. ಯಾರ ಮನೆಯಲ್ಲಿ ಗ್ಯಾಸಿನ ಸಿಲಿಂಡರ್ ಮುಗಿದು ಎಷ್ಟು ದಿನವಾಯಿತೆಂದು ಧೋತರ ನೋಡಿ ಹೇಳಲಾಗುವುದಿಲ್ಲ.

ಡೊಂಬಿವಲಿಯಲ್ಲಿರುವ ಒಂದು ಕುಟುಂಬದ ಕಥೆಯನ್ನು ಅವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು ಹೇಳುತ್ತೇನೆ. ಮೂಲ ಚಿಕ್ಕೋಡಿಯ ಕಡೆ. ಅಜ್ಜನಿಗೆ ಎಪ್ಪತ್ತೆರಡು, ಬಟ್ಟೆಯ ಪೇಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದವರು. ಪಿಂಚಣಿಯಿಲ್ಲ. ಅಜ್ಜಿಗೆ ಅರವತ್ತಾರು; ಹಪ್ಪಳ, ಶ್ಯಾವಿಗೆ ಮಾಡಿ ಪರಿಚಿತರ ಮನೆಗಳಿಗೆ ಕೊಡುತ್ತಾರೆ. ಒಬ್ಬನೇ ಮಗ ರಾಸಾಯನಿಕ ಕಾರ್ಖಾನೆಯೊಂದರಲ್ಲಿ ಹನ್ನೊಂದು ವರ್ಷ ದುಡಿದು, ಮೂವತ್ತೆಂಟನೆಯ ವಯಸ್ಸಿಗೆ ಹೃದಯಾಘಾತದಿಂದ ತೀರಿಕೊಂಡ. ಎರಡು ವರ್ಷದ ನಂತರ ಸೊಸೆ ಮರುಮದುವೆಯಾದಳು. ಈಗ ಹನ್ನೆರಡು ವರ್ಷದ ಹುಡುಗಿಯೂ ಎಂಟು ವರ್ಷದ ಹುಡುಗನೂ ಅಜ್ಜ-ಅಜ್ಜಿಯ ಜೊತೆಗಿದ್ದಾರೆ.

ನಾನು ಅವರ ಮನೆಗೆ ಹೋದದ್ದು ಸಹಾಯ ಮಾಡಲಿಕ್ಕಲ್ಲ, ಶ್ಯಾವಿಗೆ ತರಲಿಕ್ಕೆ. ಹುಡುಗಿ ಶಾಲೆಯ ಶುಲ್ಕದ ಚೀಟಿಯನ್ನು ಅಜ್ಜನ ಮುಂದೆ ಇಟ್ಟು ಸುಮ್ಮನೆ ನಿಂತಿದ್ದಳು. ಅಜ್ಜ ಅದನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಆ ಮಡಚಿದ ರೀತಿಯಲ್ಲಿ ನನಗೆ ಎಲ್ಲವೂ ತಿಳಿಯಿತು. ಹೊರಡುವಾಗ ಅಜ್ಜಿಯನ್ನು ಕೇಳಿದೆ: "ಅಕ್ಕಾ, ಸರಕಾರದ ಯಾವುದಾದರೂ ಯೋಜನೆಗೆ ಅರ್ಜಿ ಹಾಕಿದ್ದೀರಾ?" ಅವರೆಂದರು: "ಅಣ್ಣಾರ, ನಮ್ಮ ಮನ್ಯಾಗ ಇದುವರೆಗೂ ಯಾರೂ ಕೈ ಚಾಚಿಲ್ರಿ."

ಈ ಮಾತಿಗೆ ನಾವೆಲ್ಲರೂ ತಲೆದೂಗುತ್ತೇವೆ. ನಾನೂ ಅಂದು ತಲೆದೂಗಿ ಬಂದೆ. ರಾತ್ರಿ ಮನೆಯಲ್ಲಿ ಕುಳಿತಾಗ ಹೊಳೆಯಿತು: ಹನ್ನೊಂದು ವರ್ಷ ಕಾರ್ಖಾನೆಯಲ್ಲಿ ದುಡಿದ ಮಗನ ಭವಿಷ್ಯನಿಧಿ ಏನಾಯಿತು? ಅದನ್ನು ಕೇಳುವುದು ಕೈಚಾಚುವುದು ಹೇಗಾದೀತು? ಮರುದಿನ ಫೋನ್ ಮಾಡಿದೆ. ನಾಲ್ಕು ವರ್ಷದಿಂದ ಯಾರೂ ಅದನ್ನು ಕೇಳಿರಲಿಲ್ಲ.

ಈ ಭಾಗವನ್ನು ಸ್ವಲ್ಪ ವಿಸ್ತರಿಸುತ್ತೇನೆ, ಏಕೆಂದರೆ ಸರಕಾರದ ಸಹಾಯಧನಕ್ಕಿಂತ ಮೊದಲು ಹುಡುಕಬೇಕಾದದ್ದು ಸತ್ತವರ ಹಣವನ್ನು. ಭವಿಷ್ಯನಿಧಿಗೆ ಸೇರಿದ ನೌಕರನು ಸೇವೆಯಲ್ಲಿರುವಾಗಲೇ ತೀರಿಕೊಂಡರೆ ಮೂರು ಹಣಗಳಿವೆ. ಒಂದು, ಖಾತೆಯಲ್ಲಿ ಕೂಡಿದ್ದು. ಎರಡು, ಠೇವಣಿಗೆ ಜೋಡಿಸಿದ ವಿಮೆ. ಅದು ಎರಡೂವರೆ ಲಕ್ಷದಿಂದ ಗರಿಷ್ಠ ಏಳು ಲಕ್ಷ ರೂಪಾಯಿಗಳವರೆಗೆ ಬರುತ್ತದೆ, ನೌಕರನು ಅದಕ್ಕಾಗಿ ತನ್ನ ಸಂಬಳದಿಂದ ಏನನ್ನೂ ಕಟ್ಟಿರುವುದಿಲ್ಲ, ಆದ್ದರಿಂದಲೇ ಮನೆಯವರಿಗೆ ಅದರ ಸುದ್ದಿಯೇ ಇರುವುದಿಲ್ಲ. ಮೂರನೆಯದು 1995ರ ಪಿಂಚಣಿ ಯೋಜನೆಯದು. ಹತ್ತು ವರ್ಷ ಸೇವೆಯಾಗದಿದ್ದರೆ ಪಿಂಚಣಿಯಿಲ್ಲವೆಂದು ಎಲ್ಲರೂ ತಿಳಿದಿದ್ದಾರೆ. ಅದು ಬದುಕಿರುವವರ ಮಾತು. ಸೇವೆಯಲ್ಲಿರುವಾಗ ಮರಣವಾದರೆ ಒಂದು ತಿಂಗಳ ವಂತಿಗೆ ಸಂದಿದ್ದರೂ ಕುಟುಂಬಕ್ಕೆ ಪಿಂಚಣಿಯ ಹಕ್ಕಿದೆ. ಹೆಂಡತಿಗೆ ವಿಧವಾ ಪಿಂಚಣಿ, ಇಬ್ಬರು ಮಕ್ಕಳಿಗೆ ತಲಾ ಅದರ ಕಾಲುಭಾಗ, ಇಪ್ಪತ್ತೈದು ವರ್ಷ ತುಂಬುವವರೆಗೆ. ಹೆಂಡತಿ ಮರುಮದುವೆಯಾದರೆ ಅವಳ ಪಿಂಚಣಿ ನಿಲ್ಲುತ್ತದೆ. ಅಷ್ಟನ್ನು ಕೇಳಿಯೇ ಜನ ಹಿಂದಿರುಗುತ್ತಾರೆ. ಅದರ ಮುಂದಿನ ಸಾಲನ್ನು ಓದಬೇಕು: ವಿಧವಾ ಪಿಂಚಣಿ ಸಲ್ಲದಿರುವಲ್ಲಿ ಮಕ್ಕಳಿಗೆ ಅನಾಥ ಪಿಂಚಣಿ ಸಲ್ಲುತ್ತದೆ, ಅದು ಕಾಲುಭಾಗವಲ್ಲ, ಮುಕ್ಕಾಲುಭಾಗ. ಕನಿಷ್ಠ ಮೊತ್ತವೇ ಒಂದು ಮಗುವಿಗೆ ತಿಂಗಳಿಗೆ 750 ರೂಪಾಯಿ. ತಾಯಿ ಬದುಕಿದ್ದಾಳೆ, ಮಕ್ಕಳು ಅನಾಥರಲ್ಲವಲ್ಲ ಎಂದು ಈ ಮನೆಯ ಅಜ್ಜ ಹೇಳಿದರು. ಪಿಂಚಣಿಯ ನಿಯಮದಲ್ಲಿ ಆ ಶಬ್ದಕ್ಕೆ ಇರುವ ಅರ್ಥ ಬೇರೆ.

ಇದರೊಡನೆ ತೀರಿಕೊಂಡವರ ಬ್ಯಾಂಕ್ ಪಾಸ್‌ಬುಕ್ಕನ್ನು ತೆರೆದು ನೋಡಿ. ಮೇ ತಿಂಗಳ ಕೊನೆ ಅಥವಾ ಜೂನ್ ಮೊದಲಲ್ಲಿ 436 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ, ಎರಡು ಲಕ್ಷ ರೂಪಾಯಿ. 20 ರೂಪಾಯಿ ಕಡಿತವಾಗಿದ್ದರೆ ಅಪಘಾತದ ವಿಮೆ, ಅದೂ ಎರಡು ಲಕ್ಷ. ಪಾಸ್‌ಬುಕ್ಕನ್ನು ದೇವರ ಕೋಣೆಯ ಕಪಾಟಿನಲ್ಲಿ ಹೂವಿನ ಜೊತೆ ಇಟ್ಟವರನ್ನು ನೋಡಿದ್ದೇನೆ, ತಡಮಾಡದೆ ತೆರೆಯಬೇಕು.

ಆದರೆ ಹಕ್ಕು ಇದ್ದ ಮಾತ್ರಕ್ಕೆ ಹಣ ಬರುವುದಿಲ್ಲ. ಇಲ್ಲಿ ಅಜ್ಜಿಯ ಸಹಿಯ ಪ್ರಶ್ನೆ ಬರುತ್ತದೆ.

ಮಕ್ಕಳು ಅಪ್ರಾಪ್ತರು. ಅವರ ಪರವಾಗಿ ಸಹಿ ಮಾಡುವವರು ಯಾರು? ನಮಗೆ ಅನ್ವಯಿಸುವ ಕಾನೂನು 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆ. ನಾವು 2014ರಿಂದ ರಾಷ್ಟ್ರಮಟ್ಟದ ಅಲ್ಪಸಂಖ್ಯಾತರಲ್ಲವೇ ಎಂದು ಕೆಲವರು ಕೇಳುತ್ತಾರೆ. ಹೌದು, ಆದರೆ ಈ ಕಾಯ್ದೆಯೇ ಬೌದ್ಧ, ಜೈನ, ಸಿಖ್ಖರನ್ನು ಹೆಸರಿಸಿ ಒಳಗೊಳ್ಳುತ್ತದೆ, ಅಲ್ಪಸಂಖ್ಯಾತ ಸ್ಥಾನದಿಂದ ಅದು ಬದಲಾಗಿಲ್ಲ. ಹಿಂದೂ ವಿವಾಹ ಕಾಯ್ದೆಯ ವಿಚಾರದಲ್ಲಿ ಇಂದೋರಿನ ಕುಟುಂಬ ನ್ಯಾಯಾಲಯದಲ್ಲಿ ಇಂಥದ್ದೇ ಗೊಂದಲ ಎದ್ದಾಗ ಮಧ್ಯಪ್ರದೇಶದ ಹೈಕೋರ್ಟು 2025ರಲ್ಲಿ ಅದನ್ನು ಸರಿಪಡಿಸಿತು. ಈ ಕಾಯ್ದೆಯ ಪ್ರಕಾರ ಸ್ವಾಭಾವಿಕ ಪಾಲಕರು ತಂದೆ, ತಂದೆಯ ನಂತರ ತಾಯಿ. ಅಷ್ಟೇ. ಅಜ್ಜಿಯ ಹೆಸರು ಅಲ್ಲಿಲ್ಲ. ಹಾಲು ಕಾಯಿಸಿ ಕುಡಿಸಿದವಳು, ಜ್ವರ ಬಂದ ರಾತ್ರಿ ಒದ್ದೆ ಬಟ್ಟೆ ಇಟ್ಟವಳು, ಮಕ್ಕಳಿಗೆ ಣಮೋಕಾರ ಕಲಿಸಿದವಳು ಕಾಗದದ ಮೇಲೆ ಯಾರೂ ಅಲ್ಲ.

ಒಂದು ತಪ್ಪೊಪ್ಪಿಗೆ. ನನ್ನ ಸೇವಾವಧಿಯಲ್ಲಿ ಮೊಮ್ಮಕ್ಕಳ ಕೈಹಿಡಿದು ಬಂದ ಎಷ್ಟೋ ಅಜ್ಜಿಯರಿಗೆ "ನಿಮ್ಮ ಸಹಿ ನಡೆಯುವುದಿಲ್ಲ, ಮಕ್ಕಳ ತಂದೆ-ತಾಯಿಯನ್ನು ಕರೆದುಕೊಂಡು ಬನ್ನಿ" ಎಂದು ನಾನೇ ಹೇಳಿ ಕಳುಹಿಸಿದ್ದೇನೆ. ನಿಯಮದಂತೆ ಹೇಳಿದೆ. ಆದರೆ "ನ್ಯಾಯಾಲಯದಿಂದ ಪಾಲಕತ್ವದ ಆದೇಶ ತನ್ನಿ, ಅದಕ್ಕೆ ವಕೀಲರ ಖರ್ಚು ನಿಮಗೆ ಬೀಳುವುದಿಲ್ಲ" ಎಂಬ ಇನ್ನೆರಡು ವಾಕ್ಯ ಹೇಳಬಹುದಿತ್ತು. ಹಿಂದೆ ಸರದಿಯಿತ್ತು, ಹೇಳಲಿಲ್ಲ.

ಆ ಎರಡು ವಾಕ್ಯಗಳನ್ನು ಈಗ ಹೇಳುತ್ತೇನೆ. 1890ರ ಪಾಲಕರು ಮತ್ತು ಪಾಲಿತರ ಕಾಯ್ದೆಯ ಅಡಿಯಲ್ಲಿ ಮಗು ವಾಸವಾಗಿರುವ ಜಿಲ್ಲೆಯ ನ್ಯಾಯಾಲಯದಲ್ಲಿ, ಕುಟುಂಬ ನ್ಯಾಯಾಲಯವಿರುವ ಊರಿನಲ್ಲಿ ಅಲ್ಲಿಯೇ, ಪಾಲಕರಾಗಿ ನೇಮಿಸಬೇಕೆಂದು ಅಜ್ಜ ಅಥವಾ ಅಜ್ಜಿ ಅರ್ಜಿ ಸಲ್ಲಿಸಬಹುದು. ಅಜ್ಜಿಯೇ ಸಲ್ಲಿಸಲಿ ಎಂದು ನನ್ನ ಸಲಹೆ. ಏಕೆಂದರೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಹೆಂಗಸರಿಗೂ ಮಕ್ಕಳಿಗೂ ವಕೀಲರ ನೆರವು ಉಚಿತ. ಆದಾಯದ ಮಿತಿ ಅವರಿಗಿಲ್ಲ. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಪ್ರಾಧಿಕಾರದ ಕಚೇರಿ ಇರುತ್ತದೆ, 15100 ಸಂಖ್ಯೆಗೆ ಫೋನ್ ಮಾಡಿಯೂ ಕೇಳಬಹುದು.

ದೀಕ್ಷೆ ತೆಗೆದುಕೊಂಡ ತಂದೆ-ತಾಯಿಯ ಮಕ್ಕಳ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಲೋಕವನ್ನು ಪೂರ್ಣವಾಗಿ ತ್ಯಜಿಸಿದವರು ಸ್ವಾಭಾವಿಕ ಪಾಲಕರಾಗಿ ಉಳಿಯುವುದಿಲ್ಲವೆಂದು ಅದೇ 1956ರ ಕಾಯ್ದೆ ಹೇಳುತ್ತದೆ. ದೀಕ್ಷಾ ಮಹೋತ್ಸವಕ್ಕೆ ತಿಂಗಳುಗಟ್ಟಲೆ ತಯಾರಿ ನಡೆಸುವ ನಾವು, ಹಿಂದೆ ಉಳಿದ ಅಪ್ರಾಪ್ತ ಮಕ್ಕಳ ಪಾಲಕತ್ವದ ಅರ್ಜಿಗೆ ಒಂದು ದಿನವನ್ನಾದರೂ ಇಡಬೇಕು. ಇದನ್ನು ಟೀಕೆಯೆಂದು ತಿಳಿಯಬೇಡಿ, ಕಾಗದದ ಕೆಲಸವೆಂದು ತಿಳಿಯಿರಿ.

ಡೊಂಬಿವಲಿಯ ಮನೆಗೆ ಹಿಂದಿರುಗೋಣ. ಅಲ್ಲಿ ತಾಯಿ ಬದುಕಿದ್ದಾಳೆ, ಮರುಮದುವೆಯಿಂದ ಅವಳ ಪಾಲಕತ್ವ ತಾನಾಗಿ ಹೋಗುವುದಿಲ್ಲ. ಆದುದರಿಂದ ಅವಳ ಒಪ್ಪಿಗೆ ಬೇಕಾಗಿತ್ತು. ಮರುಮದುವೆಯಾದಂದಿನಿಂದ ಆ ಮನೆಯಲ್ಲಿ ಅವಳ ಹೆಸರನ್ನು ಎತ್ತುತ್ತಿರಲಿಲ್ಲ. ನಮ್ಮ ಸಮಾಜವೂ ಅವಳ ಬಗ್ಗೆ ಆಡಬಾರದ ಮಾತನ್ನು ಆಡಿತ್ತು. ಆಡಿದವರು ಈ ಸಭೆಯಲ್ಲೂ ಇದ್ದಾರೆ. ಮೂವತ್ತನಾಲ್ಕು ವರ್ಷದ ಹೆಂಗಸು ಇನ್ನೊಂದು ಮದುವೆಯಾದದ್ದು ಯಾವ ಪಾಪವೂ ಅಲ್ಲ. ಹೊಸ ಮನೆಯವರು ಮಕ್ಕಳನ್ನು ಬೇಡವೆಂದರು. ದೂರುವುದಿದ್ದರೆ ಅದನ್ನು ದೂರೋಣ. ನಾನೂ ನನ್ನ ಹೆಂಡತಿಯೂ ಹೋಗಿ ಅವಳನ್ನು ಕಂಡೆವು. ಹದಿನೈದು ದಿನ ಉತ್ತರವಿರಲಿಲ್ಲ. ನ್ಯಾಯಾಲಯದ ದಿನ ಅವಳು ಒಬ್ಬಳೇ ಬಂದು ಒಪ್ಪಿಗೆಯ ಪತ್ರಕ್ಕೆ ಸಹಿ ಹಾಕಿದಳು. ಕೂಡಿಟ್ಟ ಹಣ ಮತ್ತು ವಿಮೆಯಲ್ಲಿ ಅವಳಿಗೂ ಪಾಲಿತ್ತು, ಅದನ್ನು ತೆಗೆದುಕೊಂಡಳು. ಅದು ಅವಳ ಹಕ್ಕು, ಅದರ ಬಗ್ಗೆಯೂ ಯಾರೂ ಗೊಣಗಬಾರದು. ಹೊರಗೆ ವರಾಂಡದಲ್ಲಿ ಅತ್ತೆ-ಸೊಸೆ ಅರ್ಧ ತಾಸು ಕುಳಿತಿದ್ದರು. ಏನು ಮಾತನಾಡಿದರೆಂದು ನಾನು ಕೇಳಲಿಲ್ಲ. ಈಗ ತಿಂಗಳಿಗೊಮ್ಮೆ ಮಕ್ಕಳು ತಾಯಿಯನ್ನು ನೋಡಿ ಬರುತ್ತಾರೆ.

ಇನ್ನು ಸರಕಾರದ ಮಾಸಿಕ ಸಹಾಯದ ವಿಚಾರ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಪ್ರಾಯೋಜಕತ್ವವೆಂಬ ಭಾಗವಿದೆ. ಬಂಧುಗಳ ಮನೆಯಲ್ಲಿ ಬೆಳೆಯುತ್ತಿರುವ ಅನಾಥ ಮಕ್ಕಳು, ವಿಧವೆಯ, ವಿಚ್ಛೇದಿತೆಯ ಮಕ್ಕಳು, ತೀವ್ರ ಕಾಯಿಲೆಗೆ ತುತ್ತಾದವರ ಮಕ್ಕಳು, ಆರೈಕೆ ಮತ್ತು ರಕ್ಷಣೆ ಬೇಕಾದವರೆಂದು ಬಾಲನ್ಯಾಯ ಕಾಯ್ದೆ ಗುರುತಿಸುವ ಮಕ್ಕಳು ಇದರೊಳಗೆ ಬರುತ್ತಾರೆ. ಹದಿನೆಂಟು ತುಂಬುವವರೆಗೆ ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ರೂಪಾಯಿ ಮೀರಬಾರದು. ಮಗು ಶಾಲೆ ಬಿಡಬಾರದು. ಅರ್ಜಿ ಹೋಗಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಮಿತಿ ಮಂಜೂರು ಮಾಡುತ್ತದೆ. ಇದು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿ ಎಲ್ಲೆಡೆಗೂ ಇರುವ ಯೋಜನೆ. ಮಹಾರಾಷ್ಟ್ರದಲ್ಲಿ ಇದಲ್ಲದೆ ಕ್ರಾಂತಿಜ್ಯೋತಿ ಸಾವಿತ್ರಿಬಾಯಿ ಫುಲೆ ಬಾಲಸಂಗೋಪನ ಯೋಜನೆ ಇದೆ: ಒಂದು ಮಗುವಿಗೆ ತಿಂಗಳಿಗೆ 2,250 ರೂಪಾಯಿ. ತಂದೆ-ತಾಯಿಯಲ್ಲಿ ಒಬ್ಬರು ಮಾತ್ರ ಇರುವ ಮಕ್ಕಳನ್ನೂ ಅದು ಬಿಟ್ಟಿಲ್ಲ. ನಿಮ್ಮ ಮಗುವಿಗೆ ಎರಡರಲ್ಲಿ ಯಾವುದು ಹೊಂದುತ್ತದೆಂದು ಘಟಕದಲ್ಲಿಯೇ ಕೇಳಬೇಕು. ರಾಜಸ್ಥಾನದಲ್ಲಿ ಇಂಥ ಯೋಜನೆಯ ಹೆಸರು ಪಾಲನಹಾರ. ಮಗುವನ್ನು ಸಾಕುವವರ ಹೆಸರೇ ಯೋಜನೆಯ ಹೆಸರಾಗಿದೆ. ನನಗೆ ಆ ಹೆಸರು ಇಷ್ಟ.

ಈ ಅರ್ಜಿಯ ದಾರಿಯಲ್ಲಿ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗಬೇಕಾಗುತ್ತದೆ. ಅಜ್ಜಿಯರು ಹಿಂಜರಿಯುವುದು ಇಲ್ಲಿಯೇ. "ಮಕ್ಕಳನ್ನು ಕಿತ್ಕೊಂಡು ಆಶ್ರಮಕ್ಕೆ ಹಾಕ್ತಾರಂತಲ್ರೀ" ಎಂದು ಡೊಂಬಿವಲಿಯ ಅಜ್ಜಿ ಕೇಳಿದರು. ಮೂರು ರಾತ್ರಿ ಅವರು ನಿದ್ದೆ ಮಾಡಿರಲಿಲ್ಲವೆಂದು ಆಮೇಲೆ ತಿಳಿಯಿತು. ಬಾಲನ್ಯಾಯ ಕಾಯ್ದೆಯ ಮೂಲತತ್ತ್ವ ಇದಕ್ಕೆ ವಿರುದ್ಧವಾಗಿದೆ: ಮಗುವನ್ನು ಸಂಸ್ಥೆಗೆ ಸೇರಿಸುವುದು ಕೊನೆಯ ಉಪಾಯ, ಕುಟುಂಬದಲ್ಲಿ ಉಳಿಸುವುದು ಮೊದಲನೆಯದು. ಸಮಿತಿಯವರು ಹುಡುಗಿಯನ್ನು ಪಕ್ಕಕ್ಕೆ ಕರೆದು ಕೇಳಿದ್ದು ಯಾರ ಜೊತೆ ಇರಲು ಇಷ್ಟವೆಂದು. ಅವಳ ಉತ್ತರವನ್ನು ಬರೆದುಕೊಂಡರು. ಅಷ್ಟೇ ನಡೆದದ್ದು.

ಮುಂಬಯಿಯಂಥ ನಗರದಲ್ಲಿ ವರ್ಷಕ್ಕೆ 96,000 ಅಂದರೆ ತಿಂಗಳಿಗೆ 8,000. ನಾಲ್ವರ ಮನೆ ಇದರಲ್ಲಿ ನಡೆಯುವುದಿಲ್ಲ. ಸ್ವಲ್ಪ ಹೆಚ್ಚು ಬಂದರೆ ಸಹಾಯವಿಲ್ಲ. ಇಲ್ಲಿಂದ ನನ್ನ ಮಾತು ಸ್ವಲ್ಪ ರಾಜಕೀಯದ ಕಡೆಗೆ ಹೋಗುತ್ತದೆ, ಕ್ಷಮಿಸಬೇಕು. ಮಹಾರಾಷ್ಟ್ರ ಸರಕಾರ 2024ರಲ್ಲಿ ಲಾಡಕೀ ಬಹೀಣ ಯೋಜನೆ ತಂದಿತು. 21ರಿಂದ 65 ವರ್ಷದೊಳಗಿನ ಹೆಂಗಸರಿಗೆ ತಿಂಗಳಿಗೆ 1,500 ರೂಪಾಯಿ, ಕುಟುಂಬದ ಆದಾಯದ ಮಿತಿ ಎರಡೂವರೆ ಲಕ್ಷ. ನಮ್ಮ ಅಜ್ಜಿಗೆ ಅರವತ್ತಾರು. ಅವರು ಲಾಡಕೀ ಬಹೀಣ ಅಲ್ಲ. ಅರವತ್ತೈದು ದಾಟಿದವರಿಗೆ ಶ್ರಾವಣಬಾಳ ಯೋಜನೆ ಇದೆಯಲ್ಲ ಎನ್ನುತ್ತಾರೆ. ಇದೆ, ಮೊತ್ತವೂ ಅದೇ 1,500. ಆದರೆ ಅದಕ್ಕೆ ಕುಟುಂಬದ ವಾರ್ಷಿಕ ಆದಾಯ 21,000 ರೂಪಾಯಿ ಮೀರಬಾರದು. ದಿನಕ್ಕೆ ಅರವತ್ತು ರೂಪಾಯಿಯೂ ಆಗುವುದಿಲ್ಲ. ಎರಡು ಲಕ್ಷ ಆದಾಯದ ಮನೆಯ ಅರವತ್ತನಾಲ್ಕರ ಹೆಂಗಸಿಗೆ ಹಣ ಬರುತ್ತದೆ. ಹಪ್ಪಳ ಲಟ್ಟಿಸಿ ಎರಡು ಮಕ್ಕಳನ್ನು ಸಾಕುವ ಅರವತ್ತಾರರ ಹೆಂಗಸಿಗೆ ಬರುವುದಿಲ್ಲ. ಸುಳ್ಳು ಆದಾಯಪತ್ರ ಮಾಡಿಸಿಕೊಡುತ್ತೇನೆಂದು ದಲ್ಲಾಳಿಯೊಬ್ಬ ಬಂದಿದ್ದ. ಅಜ್ಜ ಒಪ್ಪಲಿಲ್ಲ. ಸತ್ಯ ಹೇಳುವವನಿಗೆ ದಂಡ ವಿಧಿಸುವ ಮಿತಿ ಇದು. ಮತ ಕೇಳಲು ಬಂದವರನ್ನು ನಾವು ಕೇಳಬೇಕಾದ ಪ್ರಶ್ನೆಯೂ ಇದೇ.

ಆದರೆ ನಾವು ಏನನ್ನು ಕೇಳುತ್ತೇವೆ? 2022ರ ಡಿಸೆಂಬರಿನಲ್ಲಿ, 2023ರ ಜನವರಿಯಲ್ಲಿ ಸಮ್ಮೇದ ಶಿಖರ್ಜಿಗಾಗಿ ದೇಶದ ಉದ್ದಗಲಕ್ಕೂ ಜೈನರು ಬೀದಿಗಿಳಿದರು. ನಾನೂ ಮೆರವಣಿಗೆಯಲ್ಲಿದ್ದೆ, ಆ ಬಗ್ಗೆ ನನಗೆ ಹೆಮ್ಮೆಯೇ ಇದೆ. ಪವಿತ್ರ ಬೆಟ್ಟದ ಮೇಲಿನ ಪ್ರವಾಸೋದ್ಯಮಕ್ಕೆ ಕೇಂದ್ರ ಸರಕಾರ ತಡೆ ಹಾಕಿತು. ಅದೇ ಚಳಿಗಾಲದ ಆರಂಭದಲ್ಲಿ, 2022ರ ನವೆಂಬರಿನಲ್ಲಿ, ಅಲ್ಪಸಂಖ್ಯಾತ ಮಕ್ಕಳಿಗೆ ಒಂದರಿಂದ ಎಂಟನೆಯ ತರಗತಿಯವರೆಗೆ ಇದ್ದ ಕೇಂದ್ರದ ವಿದ್ಯಾರ್ಥಿವೇತನ ನಿಂತಿತು. ಶಿಕ್ಷಣ ಹಕ್ಕು ಕಾಯ್ದೆಯಿಂದ ಆ ತರಗತಿಗಳಿಗೆ ಶಿಕ್ಷಣ ಉಚಿತವಾಗಿದೆ ಎಂಬುದು ಸರಕಾರ ಕೊಟ್ಟ ಕಾರಣ. ವರ್ಷದ ಆದಾಯ ಒಂದು ಲಕ್ಷಕ್ಕಿಂತ ಕಡಿಮೆಯಿರುವ ಮನೆಗಳಿಗಿದ್ದ ಹಣ ಅದು. ಕಿರಿಯ ತರಗತಿಗೆ ವರ್ಷಕ್ಕೆ ಒಂದು ಸಾವಿರ. ಸಣ್ಣ ಮೊತ್ತ. ನಮ್ಮ ಯಾವ ನಾಯಕರೂ ಅದರ ಬಗ್ಗೆ ಮಾತನಾಡಿದ್ದು ನನ್ನ ಕಿವಿಗೆ ಬೀಳಲಿಲ್ಲ. ಎರಡಕ್ಕೂ ದನಿ ಎತ್ತಬಹುದಾಗಿತ್ತು. ಒಂಬತ್ತು, ಹತ್ತನೆಯ ತರಗತಿಗಳು ಮಾತ್ರ ಆ ಯೋಜನೆಯಲ್ಲಿ ಉಳಿದವು.

ಜೈನರು ಶ್ರೀಮಂತರು ಎಂಬ ಮಾತನ್ನು ಹೊರಗಿನವರು ಹೇಳಿದರೆ ನಾವು ಒಳಗೊಳಗೇ ಸಂತೋಷಪಡುತ್ತೇವೆ. 2011ರ ಜನಗಣತಿಯಂತೆ ದೇಶದಲ್ಲಿ ನಾವು ಸುಮಾರು 44.5 ಲಕ್ಷ, ಅದರಲ್ಲಿ ಮಹಾರಾಷ್ಟ್ರದಲ್ಲಿ 14 ಲಕ್ಷ, ಕರ್ನಾಟಕದಲ್ಲಿ 4.4 ಲಕ್ಷ. ವಜ್ರದ ವ್ಯಾಪಾರಿಯನ್ನೂ ಚಿಕ್ಕೋಡಿಯಲ್ಲಿ ಎರಡೆಕರೆ ಕಬ್ಬು ಬೆಳೆಯುವವನನ್ನೂ ಕೂಡಿಸಿ ಭಾಗಿಸಿದರೆ ಸರಾಸರಿ ಚೆನ್ನಾಗಿಯೇ ಬರುತ್ತದೆ. ಆ ಸರಾಸರಿಯ ಕೆಳಗೆ ಕುಳಿತ ಅಜ್ಜಿಗೆ ಕಚೇರಿಯ ಗುಮಾಸ್ತನೂ "ನೀವು ಜೈನರಲ್ಲವೇ, ನಿಮಗೇಕೆ ಇದು?" ಎಂದು ಕೇಳಿದ್ದಾನೆ.

ಇಲ್ಲಿರುವ ತರುಣರಿಗೆ ಒಂದು ಮಾತು. ನಿಮ್ಮಲ್ಲಿ ಕೆಲವರ ತಂದೆ-ತಾಯಿ ಊರಿನಲ್ಲಿ, ತೀರಿಹೋದ ನಿಮ್ಮ ಅಣ್ಣನದೋ ಅಕ್ಕನದೋ ಮಕ್ಕಳನ್ನು ಸಾಕುತ್ತಿರಬಹುದು. ನೀವು ತಿಂಗಳಿಗೆ ಇಷ್ಟೆಂದು ಕಳುಹಿಸಿ ಕರ್ತವ್ಯ ಮುಗಿಯಿತೆಂದುಕೊಂಡಿರುತ್ತೀರಿ. ರಜೆಗೆ ಹೋದಾಗ ಒಂದು ದಿನವನ್ನು ನಾಡಕಚೇರಿಗೂ ಜಿಲ್ಲಾ ಘಟಕಕ್ಕೂ ಕೊಡಿ. ಕರ್ನಾಟಕದಲ್ಲಿ ಅರವತ್ತೈದು ದಾಟಿದವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಇದೆ. ಪಡಿತರ ಚೀಟಿಯಲ್ಲಿ ಅಜ್ಜಿಯೇ ಯಜಮಾನಿಯಾಗಿದ್ದರೆ 2023ರಲ್ಲಿ ಆರಂಭವಾದ ಗೃಹಲಕ್ಷ್ಮಿಯ 2,000 ರೂಪಾಯಿ ಅವರ ಹೆಸರಿಗೇ ಸಲ್ಲುತ್ತದೆ. ಎಪ್ಪತ್ತು ತುಂಬಿದವರಿಗೆ, ಯೋಜನೆಯನ್ನು ಜಾರಿಗೊಳಿಸಿದ ರಾಜ್ಯಗಳಲ್ಲಿ, ಆದಾಯ ಕೇಳದೆ ಐದು ಲಕ್ಷದವರೆಗಿನ ಆಯುಷ್ಮಾನ್ ಚಿಕಿತ್ಸೆ 2024ರ ಅಕ್ಟೋಬರಿನಿಂದ ಇದೆ. ಅಜ್ಜ ಆಸ್ಪತ್ರೆ ಸೇರಿದ ತಿಂಗಳೇ ಮೊಮ್ಮಗಳ ಶಾಲೆ ತಪ್ಪುವುದು. ಆ ಕಾರ್ಡನ್ನು ಇಂದೇ ಮಾಡಿಸಿ.

ಮನೆ ಇದ್ದವರು ಉಯಿಲು ಬರೆಯಬೇಕು ಎಂಬುದನ್ನೂ ಸೇರಿಸುತ್ತೇನೆ. ತೀರಿಹೋದ ಮಗನ ಮಕ್ಕಳು ಅಜ್ಜನ ಆಸ್ತಿಗೆ ಮೊದಲ ದರ್ಜೆಯ ವಾರಸುದಾರರು. ಬೇರೆ ಮಕ್ಕಳು ಬಂದು "ಈಗಲೇ ನಮ್ಮ ಹೆಸರಿಗೆ ಮಾಡಿಬಿಡಿ, ಈ ಹುಡುಗರನ್ನು ನಾವು ನೋಡಿಕೊಳ್ಳುತ್ತೇವೆ" ಎಂದರೆ ಅವಸರಪಡಬೇಡಿ. ತಮಗೇ ಊಟಕ್ಕಿಲ್ಲದ ಅಜ್ಜ-ಅಜ್ಜಿ, ದುಡಿಯುವ ಮಕ್ಕಳಿಂದ ಜೀವನಾಂಶ ಕೇಳಲು 2007ರ ಹಿರಿಯ ನಾಗರಿಕರ ಕಾಯ್ದೆ ಇದೆ. ಕೇಳುವುದು ಬಿಡುವುದು ಅವರಿಗೆ ಬಿಟ್ಟದ್ದು.

ಕೊನೆಗೆ ನಮ್ಮ ಸಂಘದ ಪಾಲು. ದಕ್ಷಿಣ ಭಾರತ ಜೈನ ಸಭೆ 1899ರಲ್ಲಿ ಹುಟ್ಟಿದಾಗ ನಮ್ಮ ಹಿರಿಯರು ಕೈಹಾಕಿದ ಕೆಲಸಗಳಲ್ಲಿ ವಿದ್ಯಾರ್ಥಿಗಳ ಬೋರ್ಡಿಂಗುಗಳು ಮುಖ್ಯವಾದವು. ಕೊಲ್ಲಾಪುರ, ಸಾಂಗ್ಲಿ, ಬೆಳಗಾವಿ, ಹುಬ್ಬಳ್ಳಿಯ ಬೋರ್ಡಿಂಗುಗಳಲ್ಲಿ ಅನ್ನ ಉಂಡು ಓದಿದವರ ಮೊಮ್ಮಕ್ಕಳು ಈ ಸಭಾಂಗಣದಲ್ಲಿ ಅರ್ಧಕ್ಕರ್ಧ ಇದ್ದೀರಿ. ಕೊಲ್ಲಾಪುರದ ಬೋರ್ಡಿಂಗಿನಲ್ಲಿದ್ದ ಭಾವೂರಾವ್ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಕಟ್ಟಿ ಎಲ್ಲ ಜಾತಿಯ ಮಕ್ಕಳಿಗೂ ಬಾಗಿಲು ತೆರೆದರು. ಆ ಕಾಲದಲ್ಲಿ ನಮ್ಮ ದಾನ ಮಕ್ಕಳ ತಟ್ಟೆಗೆ ಹೋಗುತ್ತಿತ್ತು. ಇಂದು ಪಂಚಕಲ್ಯಾಣದಲ್ಲಿ ಒಂದು ಕಲಶದ ಸವಾಲು ಏರುತ್ತಾ ಹೋಗುವಾಗ ನಾನು ಮನಸ್ಸಿನಲ್ಲೇ 4,000ದಿಂದ ಭಾಗಿಸುತ್ತಿರುತ್ತೇನೆ. ಬ್ಯಾಂಕಿನ ಚಾಳಿ. ಸವಾಲು ಬೇಡವೆನ್ನುವುದಿಲ್ಲ, ಹತ್ತರಲ್ಲಿ ಒಂದು ಪಾಲನ್ನು ಈ ಮಕ್ಕಳಿಗೆಂದು ಮೊದಲೇ ಎತ್ತಿಡಬಹುದಲ್ಲವೇ?

ಆ ಹಣ ಯಾವುದಕ್ಕೆ? ಸರಕಾರ ಕೊಡಬೇಕಾದದ್ದನ್ನು ನಾವು ಕೊಟ್ಟು ಮುಗಿಸಲಿಕ್ಕಲ್ಲ. ಅರ್ಜಿ ಹಾಕಿದ ದಿನದಿಂದ ಮೊದಲ ಹಣ ಬರುವವರೆಗೆ ಆರು ತಿಂಗಳು, ಒಂದು ವರ್ಷ ಹಿಡಿಯುತ್ತದೆ. ಅನುದಾನ ಬಾರದೆ ನಿಲ್ಲುವುದೂ ಉಂಟು. ಆ ಅವಧಿಯಲ್ಲಿ ತಿಂಗಳಿಗೆ ಇಷ್ಟೆಂದು ನೇರವಾಗಿ ಖಾತೆಗೆ ಹೋಗಬೇಕು. ವೇದಿಕೆಗೆ ಕರೆದು, ಶಾಲು ಹೊದಿಸಿ, ಚೆಕ್ ಹಿಡಿದು ಫೋಟೋ ತೆಗೆಸಿ, ವಾಟ್ಸಾಪ್ ಗುಂಪಿಗೆ ಹಾಕುವ ಪದ್ಧತಿ ನಿಲ್ಲಬೇಕು. ಎರಡು ವರ್ಷದ ಹಿಂದೆ ಹಾಗೊಂದು ಫೋಟೋದಲ್ಲಿದ್ದ ಹುಡುಗ ಆಮೇಲೆ ಪಾಠಶಾಲೆಗೆ ಬರುವುದನ್ನೇ ಬಿಟ್ಟ. ಆ ಫೋಟೋ ತೆಗೆದವನು ನಾನು.

ಸಮುದಾಯದ ಶಾಲೆಗಳನ್ನು ನಡೆಸುವವರೂ ಇಲ್ಲಿದ್ದೀರಿ. ಖಾಸಗಿ ಶಾಲೆಗಳು ನಾಲ್ಕರಲ್ಲಿ ಒಂದು ಸೀಟನ್ನು ದುರ್ಬಲ ವರ್ಗದ ಮಕ್ಕಳಿಗೆ ಇಡಬೇಕೆಂಬ ನಿಯಮದಿಂದ ಅಲ್ಪಸಂಖ್ಯಾತ ಶಾಲೆಗಳಿಗೆ 2014ರ ಸುಪ್ರೀಂ ಕೋರ್ಟಿನ ತೀರ್ಪು ವಿನಾಯಿತಿ ಕೊಟ್ಟಿದೆ. ವಿನಾಯಿತಿಯನ್ನು ಪಡೆದಿದ್ದೀರಿ. ಅಜ್ಜಿಯರು ಸಾಕುತ್ತಿರುವ ಮಕ್ಕಳು ನಿಮ್ಮಲ್ಲಿ ಎಷ್ಟಿದ್ದಾರೆ, ಅವರ ಶುಲ್ಕ ಎಷ್ಟು ಬಾಕಿಯಿದೆ ಎಂಬ ಪಟ್ಟಿಯನ್ನು ಈ ತಿಂಗಳೊಳಗೆ ಸಮಿತಿಗೆ ಕೊಡಿ ಎಂದು ಕೇಳುತ್ತೇನೆ.

ಡೊಂಬಿವಲಿಯ ಮಕ್ಕಳಿಗೆ ಅನಾಥ ಪಿಂಚಣಿ ಹಿಂಬಾಕಿಯೊಡನೆ ಆರಂಭವಾಗಿದೆ. ವಿಮೆಯಲ್ಲಿ ಅವರ ಪಾಲು ಅವರ ಹೆಸರಿನಲ್ಲಿ ಠೇವಣಿಯಾಗಿದೆ. ಬಾಲಸಂಗೋಪನದ ಅರ್ಜಿ ಇನ್ನೂ ಕಚೇರಿಯಲ್ಲಿದೆ. ಕಳೆದ ವಾರ ಐದನೆಯ ಸಲ ಹೋಗಿ ಬಂದೆವು.

ಪರ್ವ ಮುಗಿದ ಮೇಲೆ ಬರುವ ಭಾನುವಾರದಿಂದ ಅಭಿಷೇಕದ ನಂತರ ಕೆಳಗಿನ ಕೋಣೆಯಲ್ಲಿ ನಾನೂ ಇಬ್ಬರು ತರುಣರೂ ಕುಳಿತಿರುತ್ತೇವೆ. ಇಬ್ಬರಿಗೂ ಮರಾಠಿ ಓದಲು ಬರೆಯಲು ಬರುತ್ತದೆ, ಫಾರಂಗಳು ಇರುವುದು ಮರಾಠಿಯಲ್ಲಿಯೇ. ಮರಣದ ಪ್ರಮಾಣಪತ್ರ, ಮಕ್ಕಳ ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ಬೋನಫೈಡ್, ತೀರಿಕೊಂಡವರ ಪಾಸ್‌ಬುಕ್ ಮತ್ತು ಸಂಬಳದ ಯಾವುದಾದರೂ ಒಂದು ಹಳೆಯ ಚೀಟಿ ತನ್ನಿ. ಯಾವುದೂ ಇಲ್ಲದಿದ್ದರೆ ಬರಿಗೈಯಲ್ಲಿ ಬನ್ನಿ. ಪಕ್ಕದ ಮನೆಯವರ ಪರವಾಗಿ ಬರುವುದಾದರೂ ಬನ್ನಿ. ಅವರ ಹೆಸರನ್ನು ನಾವು ಮೊದಲ ದಿನ ಕೇಳುವುದಿಲ್ಲ.

ಜೈ ಜಿನೇಂದ್ರ.